ಒದ್ದೆ ಕುಂಡ

ಕುಂಡ ಮತ್ತೆ ಒದ್ದೆಯಾಗಿತ್ತು. ಸುಪ್ರಜಾ ತೆಂಗಿನ ಸಿಪ್ಪೆಯ ಚೂರುಗಳ ನಡುವೆ ಇಳಿಸಿದ ಬೆರಳನ್ನು ಹಿಂದಕ್ಕೆ ತೆಗೆಯದೆ ಹಾಗೆಯೇ ನಿಂತಳು. ತೇವ ಉಗುರಿನ ಸಂದಿಗೆ ಏರಿತು. ಅವಳು ನೀರು ಹಾಕಿ ವಾರ ಕಳೆದಿತ್ತು. ಆರ್ಕಿಡ್‌ನ ಬೇರುಗಳು ಇಷ್ಟರಲ್ಲಿ ಒಣಗಿ ಬೂದು ಬಣ್ಣಕ್ಕೆ ತಿರುಗಬೇಕಿತ್ತು; ಆದರೆ ಕುಂಡದ ಪಾರದರ್ಶಕ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿದ್ದ ಅವು ಮಂಕಾಗಿ ಊದಿಕೊಂಡಿದ್ದವು, ಒಳಗೋಡೆಯ ಮೇಲೆ ಹನಿಗಳು ಕೂತಿದ್ದವು. ಮೊದಲ ಸಲ ಇದನ್ನು ಕಂಡಾಗ ತನ್ನದೇ ಮರೆವೆಂದುಕೊಂಡಿದ್ದಳು. ನಿದ್ದೆಗೆಂದು ಡಾಕ್ಟರು ಬರೆದುಕೊಟ್ಟ ಮಾತ್ರೆಯ ಮಂಪರಿನಲ್ಲಿ ತಾನೇ ಎದ್ದು ಹಾಕಿರಬೇಕು. ಆಮೇಲೊಂದು ಸಲ, ಬೆಟ್ಟದ ಕಡೆಯಿಂದ ಬೀಸಿದ ಗಾಳಿಯ ತೇವವೆಂದುಕೊಂಡಳು, ಸೇಲಂನ ಈ ಬಿಸಿಲಿನಲ್ಲಿ ಅಂಥ ಗಾಳಿ ಎಲ್ಲಿಂದ ಬರಬೇಕೆಂದು ಗೊತ್ತಿದ್ದೂ. ಇವತ್ತು ಹಾಗೆ ಅಂದುಕೊಳ್ಳಲು ಏನೂ ಉಳಿದಿರಲಿಲ್ಲ. ಅವಳು ಕಾಣದ ಹೊತ್ತಿನಲ್ಲಿ ಈ ಮನೆಯ ಯಾರೋ ಗಿಡಕ್ಕೆ ನೀರು ಹಾಕುತ್ತಿದ್ದರು. ಗಿಡ ಸಾಯುತ್ತಿತ್ತು.

ಕೊನೆಯ ಮೊಗ್ಗು ಮಾತ್ರ ಇನ್ನೂ ದಂಟಿನ ತುದಿಯಲ್ಲಿತ್ತು. ತಂದ ದಿನ ಅರಳಿದ್ದ ಹೂಗಳು ಉದುರಿಹೋಗಿದ್ದವು, ಅವುಗಳ ಹಿಂದಿನ ಮೊಗ್ಗುಗಳು ಅರಳದೆಯೇ ಹಳದಿಯಾಗಿ ಬಿದ್ದಿದ್ದವು. ಉಳಿದ ಇದೊಂದು, ಮುಷ್ಟಿ ಬಿಗಿಹಿಡಿದು ಮಲಗಿದಂತೆ ಇರುವ ಇದು, ಅರಳಿದರೆ ಸಾಕೆಂದು ಅವಳು ತನ್ನೊಳಗೇ ಪಣ ಕಟ್ಟಿಕೊಂಡಿದ್ದಳು. ಅರಳಿದರೆ ತನ್ನ ಕೈಯಲ್ಲಿ ಒಂದು ಜೀವ ಉಳಿಯುತ್ತದೆ ಎಂದಾಯಿತು. ಅರಳಿದರೆ ಕಾಲೇಜಿನ ಆಫೀಸಿಗೆ ಹೋಗುವುದು, ಟೇಬಲ್ಲಿನ ಸುತ್ತ ಬಂದು ನಿಲ್ಲುವವರ ತಗ್ಗಿದ ಕಣ್ಣುಗಳನ್ನು ತಡೆದುಕೊಳ್ಳುವುದು. ಹೆರಿಗೆಗೆಂದು ಕೊಟ್ಟ ರಜೆ ಇನ್ನೂ ಉಳಿದೇ ಇತ್ತು. ಮಗು ಇಲ್ಲದ ಮೇಲೆ ಆ ರಜೆಯಲ್ಲಿ ಕೂತಿರುವುದು ಬೇರೆಯವರ ಊಟವನ್ನು ಉಣ್ಣುತ್ತ ಕೂತಂತಿತ್ತು. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಮಗುವನ್ನು ಅವಳು ನೋಡಿದ್ದಳು, ಎತ್ತಿಕೊಂಡಿರಲಿಲ್ಲ. "ತೊಡಾದೀಂಗ ಮಾ, ಪಾರುಂಗ ಮಟ್ಟುಂ" ಎಂದಿದ್ದಳು ನರ್ಸು. ಮುಟ್ಟಬೇಡಿ, ನೋಡಿ ಅಷ್ಟೇ. ಸುಪ್ರಜಾ ನರ್ಸಿನ ಮಾತು ಕೇಳಿದಳು. ಕೇಳಿದ್ದೇ ತಪ್ಪಾಯಿತೇನೋ ಎಂಬುದು ಈಗ ಪಾತ್ರೆ ತೊಳೆಯುವಾಗ, ಬಾಗಿಲ ಚಿಲಕ ಹಾಕುವಾಗ, ಯಾವ ಸಂಬಂಧವೂ ಇಲ್ಲದ ಹೊತ್ತಿನಲ್ಲಿ ಬಂದು ಭುಜ ಹಿಡಿಯುತ್ತಿತ್ತು. ನಾಮಕರಣದ ದಿನ ಬರುವ ಮೊದಲೇ ಮಗು ಹೋಯಿತು. ಅವಳು ಆಸ್ಪತ್ರೆಯ ಹಾಸಿಗೆಯಲ್ಲಿರುವಾಗಲೇ ಗಂಡನೂ ಮಾವನೂ ಹೋಗಿ ಮಣ್ಣು ಮಾಡಿ ಬಂದರು. ಗಂಡನ ಶರ್ಟಿನ ತೋಳಿನಲ್ಲಿ ಒಂದಿಷ್ಟು ಕೆಂಪು ಮಣ್ಣು ಇತ್ತು. ಅವನಿಗೆ ಅದು ಕಂಡಿರಲಿಲ್ಲ, ಅವಳು ಹೇಳಲಿಲ್ಲ.

ಅಡುಗೆಮನೆಯಲ್ಲಿ ಮುನಿಲಕ್ಷ್ಮಿ ಪಾತ್ರೆ ಉಜ್ಜುತ್ತಿದ್ದಳು. ಮೊರಪ್ಪೂರಿನ ಆಚೆಯ ಹಳ್ಳಿಯವಳು, ಮದುವೆಯಾಗಿ ಸೇಲಂಗೆ ಬಂದು ಇಪ್ಪತ್ತು ವರ್ಷ ಕಳೆದರೂ ಕುರಿಗಳನ್ನು ಕೂಗಿ ಕರೆಯುವ ದನಿಯಲ್ಲೇ ಮಾತಾಡುವವಳು. ಹಾಲು ನಿಲ್ಲಲೆಂದು ಮಲ್ಲಿಗೆಯ ದಂಡೆಗಳನ್ನು ತಂದು ಸುಪ್ರಜಾಳ ಎದೆಗೆ ಬಟ್ಟೆಯಲ್ಲಿ ಬಿಗಿದು ಕಟ್ಟಿದವಳು ಅವಳೇ. ಮಾತ್ರೆ ಕೊಟ್ಟಿದ್ದಾರೆ ಬೇಡ ಎಂದರೂ ಕೇಳಿರಲಿಲ್ಲ. ಹೂವು ಎದೆಯ ಬಿಸಿಗೆ ಬಾಡಿ ಕಂದಿದಾಗ ಬಿಚ್ಚಿ, ಮತ್ತೆ ಹೊಸದನ್ನು ಕಟ್ಟುತ್ತಿದ್ದಳು. ಕುಪ್ಪಸದ ಮುಂಭಾಗ ಒದ್ದೆಯಾಗುವುದು ನಿಂತಿತು. ಆ ವಾಸನೆ ನಿಲ್ಲಲಿಲ್ಲ. ದೇವರ ಮನೆಯಿಂದ, ಪಕ್ಕದ ಮನೆಯವರ ಜಡೆಯಿಂದ, ಪೇಟೆಯ ಮೂಲೆಯ ಬುಟ್ಟಿಗಳಿಂದ ಮಲ್ಲಿಗೆ ಬಂದು ಮೂಗಿಗೆ ಹೊಡೆದರೆ ಎದೆ ಕಲ್ಲಾಗುತ್ತಿತ್ತು. ಅಕ್ಷೋಭ್ಯ, ಅವಳ ಗಂಡ, ಗಾಳಿ ಬದಲಾಗಲೆಂದು ಏರ್ಕಾಡಿಗೆ ಕರೆದುಕೊಂಡು ಹೋದ ದಿನ, ಗಿಡಗಳ ಅಂಗಡಿಯೊಂದರಲ್ಲಿ ಅವಳು ಈ ಬಿಳಿ ಹೂವಿಗೆ ಮೂಗು ತಾಗಿಸಿ ನೋಡಿದ್ದಳು. ಏನೂ ಇರಲಿಲ್ಲ. ಯಾವ ವಾಸನೆಯೂ ಇಲ್ಲದ, ಏನನ್ನೂ ನೆನಪಿಸದ ಹೂವು. ಇದು ಬೇಕು ಎಂದಳು. ಎಷ್ಟೋ ದಿನಗಳ ಮೇಲೆ ಅವಳು ಬೇಕೆಂದು ಕೇಳಿದ್ದು ಅದೊಂದನ್ನೇ ಆದ್ದರಿಂದ ಅಕ್ಷೋಭ್ಯ ಗಾಬರಿ ಬಿದ್ದವನಂತೆ ಆ ಕ್ಷಣವೇ ಕೊಂಡುಬಿಟ್ಟ. ಅಂಗಡಿಯ ತಮಿಳ್‌ಸೆಲ್ವಿ ಕುಂಡವನ್ನು ಪೇಪರಿನಲ್ಲಿ ಸುತ್ತುತ್ತ, "ವಾರತ್ತುಕ್ಕು ಒರು ತಡವೈ ದಾನ್ ತಣ್ಣಿ, ಮ್ಯಾಡಂ. ಜಾಸ್ತಿ ಊತ್ತಿನಾ ಅಳುಗಿಡುಂ" ಎಂದಳು. ವಾರಕ್ಕೊಮ್ಮೆ ಮಾತ್ರ ನೀರು, ಹೆಚ್ಚಾದರೆ ಕೊಳೆತುಹೋಗುತ್ತದೆ. ಘಾಟಿಯ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಸುಪ್ರಜಾ ಕುಂಡವನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಎದುರು ಸೀಟಿನ ಮುದುಕಿ ಪೇಪರಿನ ಸುತ್ತನ್ನು ನೋಡಿ, ಕೂಸೆಂದು ತಿಳಿದು ನಕ್ಕು, ಹತ್ತಿರ ಬಾಗಿ, ಎಲೆ ಕಂಡು ಮುಖ ತಿರುಗಿಸಿದ್ದಳು.

"ಮುನಿಲಕ್ಷ್ಮೀ, ಕಿಟಕಿ ಹತ್ರ ಇರೋ ಗಿಡಕ್ಕೆ ನೀರು ಹಾಕಿದೆಯಾ?"

"ನಾನಾ? ಅಯ್ಯೋ, ನಾನ್ಯಾಕಕ್ಕಾ ಆಕ್ಲಿ?" ಮುನಿಲಕ್ಷ್ಮಿ ಸೋಪಿನ ಕೈಯನ್ನು ಮೇಲೆತ್ತಿದಳು. "ಮಣ್ಣೇ ಇಲ್ದಿರೋ ಗಿಡ. ಇದ್ದಿಲೂ ತೆಂಗಿನ ನಾರೂ ತಿಂದ್ಕಂಡು ಬದುಕ್ತೈತೆ ಅಂದ್ರೆ ಅದು ಗಿಡಾನೋ ಪೇಯೋ ದೆವ್ವಾನೋ ಯಾರ್ಗೊತ್ತು! ಬೇರ್ ನೋಡಿದ್ರೆ ನಂಗೆ ಪಾಂಬು ತರಾ, ಆವಿನ್ ತರಾ ಕಾಣ್ತೈತೆ. ಕಸ ಗುಡ್ಸುವಾಗ್ಲೂ ಸುತ್ತಿ ಓಗ್ತೀನಿ."

"ನಿಜ ಹೇಳು."

"ನನ್ ಪಿಳ್ಳೆಗಳ ಮೇಲ್ ಆಣೆ ಅಕ್ಕಾ…" ಎಂದವಳು ನಾಲಿಗೆ ಕಚ್ಚಿಕೊಂಡು ಟ್ಯಾಪನ್ನು ಜೋರಾಗಿ ತಿರುಗಿಸಿದಳು. ಆಡಿದ ಮಾತನ್ನು ನೀರಿನ ಸದ್ದಿನಲ್ಲಿ ಮುಳುಗಿಸುವಂತೆ. ಸುಪ್ರಜಾಗೆ ಆ ಸದ್ದಿನಿಂದಲೇ ಹೆಚ್ಚು ನೋವಾಯಿತು. ಜನ ಈಗ ಅವಳ ಮುಂದೆ ಹೀಗೆ ನಡುವೆ ಮಾತು ನಿಲ್ಲಿಸುತ್ತಿದ್ದರು. ಮೇಲಿನ ಮನೆಯವರು ಮೊಮ್ಮಗನ ತೊಟ್ಟಿಲು ಶಾಸ್ತ್ರಕ್ಕೆ ಬೀದಿಗೆಲ್ಲ ಹೇಳಿ, ಇವರ ಬಾಗಿಲನ್ನು ಮಾತ್ರ ದಾಟಿ, ಚಪ್ಪಲಿಯ ಸದ್ದಾಗದಂತೆ ಮೆಟ್ಟಿಲಿಳಿದು ಹೋಗಿದ್ದರು. ಅದು ದಯೆ ಎಂದು ಅವಳಿಗೆ ಗೊತ್ತಿತ್ತು. ಆ ದಯೆಯ ಸದ್ದಿಲ್ಲದ ಹೆಜ್ಜೆಗಳನ್ನು ಬಾಗಿಲ ಹಿಂದೆ ನಿಂತು ಅವಳು ಕೇಳಿಸಿಕೊಂಡಿದ್ದಳು.

ಅಕ್ಷೋಭ್ಯನಿಗೆ ಫೋನು ಮಾಡಿದಳು. ಶಂಕಗಿರಿಯ ಲಾರಿ ಕಂಪನಿಯೊಂದರ ಲೆಕ್ಕದ ಕೆಲಸ ಅವನದು. ಹಿಂದುಗಡೆ ಯಾರೋ ಡ್ರೈವರನ್ನು ಬೈಯುತ್ತಿದ್ದರು.

"ಆರ್ಕಿಡ್‌ಗೆ ನೀವು ನೀರು ಹಾಕ್ತಿದೀರಾ?"

"ಇಲ್ಲ ಸುಪ್ರಿ. ನಾನು ಅದರ ಹತ್ರಾನೇ ಹೋಗಲ್ಲ."

"ಯಾಕೆ ಹೋಗಲ್ಲ?"

ಆ ಕಡೆ ಒಂದು ಲಾರಿ ಹಿಂದಕ್ಕೆ ಸರಿಯುವ ಸದ್ದು, ಬರಲಿ ಬರಲಿ ಎಂದು ತಮಿಳಿನಲ್ಲಿ ಕೂಗುವ ಕ್ಲೀನರನ ದನಿ. ಅವನು, "ಭಯ ಆಗ್ತದೆ," ಎಂದ. ಯಾವುದರ ಭಯ ಎಂದು ಅವಳು ಕೇಳಲಿಲ್ಲ. "ಸಂಜೆ ಬೇಗ ಬರ್ತೀನಿ," ಎಂದು ಇಟ್ಟುಬಿಟ್ಟ.

ಹಾಗಾದರೆ ಉಳಿದವರು ಒಬ್ಬರೇ. ಆ ಹೆಸರು ಮನಸ್ಸಿಗೆ ಬಂದಾಗ ಅವಳಿಗೆ ಆಶ್ಚರ್ಯವಾಗಲಿಲ್ಲ; ಅವಳು ಬೆಳಗಿನಿಂದ ಆ ಹೆಸರಿನ ಸುತ್ತಲೇ ನಡೆದಾಡುತ್ತಿದ್ದಳು ಎನ್ನಿಸಿತು. ಮಾವ ಸೇತುಮಾಧವರಾಯರು ಅವಳು ಏಳುವ ಮೊದಲೇ ಎದ್ದು ಸ್ನಾನ, ಸಂಧ್ಯೆ, ಪೂಜೆ ಮುಗಿಸುವವರು. ಅವರು ಆಹ್ನಿಕಕ್ಕೆ ಕೂರುವ ಪೂರ್ವದ ಕಿಟಕಿಯ ಕಟ್ಟೆಯ ಮೇಲೆಯೇ ಗಿಡವಿತ್ತು, ಬಿಸಿಲು ನೇರ ಬೀಳದೆ ಬೆಳಕು ಮಾತ್ರ ಬೀಳುವ ಜಾಗ ಮನೆಯಲ್ಲಿ ಅದೊಂದೇ ಆದ್ದರಿಂದ. ಸಾಲಿಗ್ರಾಮದ ಅಭಿಷೇಕದ ನೀರು ಉಳಿದರೆ ತುಳಿಯುವ ಜಾಗದಲ್ಲಿ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು. ಅದು ಅವರ ಕ್ರಮ. ತುಳಸಿಯ ಕಟ್ಟೆ ಹಿತ್ತಲಲ್ಲಿದೆ, ಅವರಿಗೆ ಮಂಡಿನೋವು. ಎದ್ದು ಹೋಗಲಾರದೆ ಕೈಗೆ ಸಿಕ್ಕ ಕುಂಡಕ್ಕೆ ಸುರಿದಿದ್ದಾರೆ. ಅಷ್ಟೇ. ಅಷ್ಟು ಸುಲಭವಾಗಿ. ಆಸ್ಪತ್ರೆಯ ವರಾಂಡದಲ್ಲಿ ಅವರು ಪುರೋಹಿತರೊಡನೆ ಫೋನಿನಲ್ಲಿ ಮಾತಾಡಿದ್ದು ತೆರೆದ ಬಾಗಿಲಿನಿಂದ ಅವಳ ಹಾಸಿಗೆಯವರೆಗೆ ಬಂದಿತ್ತು. ದನಿಯಲ್ಲಿ ಏರಿಳಿತವೇ ಇರಲಿಲ್ಲ. ಹೌದು, ಹೆಣ್ಣು. ಇಲ್ಲ, ಹೆಸರಿಟ್ಟಿರಲಿಲ್ಲ. ಸರಿ. ಇದಕ್ಕೆ ಏನೂ ಇಲ್ಲ. ಆಯ್ತು, ಏನೂ ಇಲ್ಲ. ಕ್ರಿಯೆಯಿಲ್ಲ, ಶ್ರಾದ್ಧವಿಲ್ಲ, ತರ್ಪಣವಿಲ್ಲ. ಹಲ್ಲು ಹುಟ್ಟದ ಕೂಸಿಗೆ ಶಾಸ್ತ್ರದಲ್ಲಿ ಒಂದು ಹನಿ ನೀರಿನ ಬಾಧ್ಯತೆಯೂ ಇಲ್ಲ. ಮಾರನೆಯ ಬೆಳಿಗ್ಗೆಯೇ ಅವರು ಎಂದಿನಂತೆ ಜಾಗಟೆ ಬಾರಿಸಿದರೆಂದು ಅಕ್ಷೋಭ್ಯನಿಂದ ತಿಳಿದಾಗ, ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ಏನೂ ಇಲ್ಲ ಎಂಬ ಮಾತು ಅಂದಿನಿಂದ ಅವಳೊಳಗೆ, ನುಂಗಲಾರದ ಮಾತ್ರೆಯ ಹಾಗೆ, ಕರಗದೆ ನಿಂತಿತ್ತು.

ಮಧ್ಯಾಹ್ನ ಮಾವ ಊಟಕ್ಕೆ ಕೂತರು. ಎದುರಿನ ಗೋಡೆಯಲ್ಲಿ ಅತ್ತೆ ಭಾಮಾಬಾಯಿಯವರ ಪಟ. ಸುಪ್ರಜಾ ಈ ಮನೆಗೆ ಬರುವ ಮೊದಲೇ ತೀರಿಕೊಂಡವರು. ಪರಿಷೇಚನೆ ಮಾಡಿ, ಹುಳಿಯನ್ನವನ್ನು ಮುಗಿಸಿ, ಅವರು ಸಾರಿನ ಅನ್ನಕ್ಕೆ ಬಂದಿದ್ದರು. ಊಟ ಮುಗಿಯಲಿ ಎಂದು ಕಾಯಬೇಕೆಂದಿದ್ದಳು. ತುಪ್ಪದ ಮಿಳ್ಳೆಯನ್ನು ಹಿಡಿದು ಎಲೆಯತ್ತ ಬಾಗಿದಾಗ ಮಾತು ತಾನಾಗಿ ಹೊರಬಿತ್ತು.

"ಮಾವ, ಆ ಗಿಡಕ್ಕೆ ದಿನಾ ನೀರು ಹಾಕ್ತಿರೋದು ನೀವಾ?"

ಅವರು ತಲೆಯೆತ್ತಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ. "ಹೌದಮ್ಮ. ಕೊಂಚವೇ. ಒಂದು ಉದ್ಧರಣೆ."

"ವಾರಕ್ಕೊಂದು ಸಲ ಅಂತ ನಿಮ್ಮೆದುರಿಗೇ ಹೇಳಿದ್ನಲ್ಲ. ಅದು ಕೊಳೀತಾ ಇದೆ. ತೀರ್ಥ ಸುರಿಯೋಕೆ ಬೇರೆ ಜಾಗ ಸಿಗಲಿಲ್ವಾ?"

"ತೀರ್ಥ ಅಲ್ಲ…" ಎಂದು ಅವರು ಶುರುಮಾಡಿದರು.

"ಏನಾದರೇನು! ನಿಮಗೆ ಅದು ಒಂದು ಗಿಡ, ಅಷ್ಟೇ. ಅವತ್ತೂ ಅಷ್ಟೇ. ಇದಕ್ಕೆ ಏನೂ ಇಲ್ಲ ಅಂದ್ರಲ್ಲ ಫೋನಲ್ಲಿ, ಕೇಳಿಸ್ತು ನನಗೆ. ನಿಮ್ಮ ಮಡಿ ನಿಮಗೆ ಇದ್ರೆ ಸಾಕು. ನನ್ನ ಕೈಯಲ್ಲಿ ಒಂದಾದರೂ ಉಳೀಲಿ ಅಂತ…" ಮಿಳ್ಳೆಯನ್ನು ಕೆಳಗಿಟ್ಟಳು. ಹಿತ್ತಲ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದ ಮುನಿಲಕ್ಷ್ಮಿ ಹಿಂಡುವುದನ್ನು ನಿಲ್ಲಿಸಿದಳು. ಕೆಲಸದವಳ ಎದುರು ಈ ಮನೆಯಲ್ಲಿ ಯಾರೂ ಮಾವನಿಗೆ ದನಿಯೇರಿಸಿರಲಿಲ್ಲ. ಅವರ ಬೆರಳುಗಳು ಅನ್ನದಲ್ಲಿ ನಿಂತವು. ಸಾರು ಎಲೆಯ ಅಂಚಿನತ್ತ ಹರಿದು ನೆಲಕ್ಕೆ ಇಳಿಯಲಾರಂಭಿಸಿತು, ಅವರು ತಡೆಯಲಿಲ್ಲ. "ಆಯ್ತಮ್ಮ," ಎಂದರು. "ಇನ್ಮೇಲೆ ಹಾಕಲ್ಲ." ಮಜ್ಜಿಗೆಯನ್ನವಿಲ್ಲದೆ, ಉತ್ತರಾಪೋಶನ ತೆಗೆದುಕೊಂಡು, ಮಂಡಿಯ ಮೇಲೆ ಕೈಯೂರಿ ನಿಧಾನವಾಗಿ ಎದ್ದರು. ಒಮ್ಮೆ ಎದ್ದ ಮೇಲೆ ಅವರು ಸಂಜೆಯವರೆಗೆ ಏನೂ ಮುಟ್ಟುವವರಲ್ಲ. ಅದು ಗೊತ್ತಿದ್ದೇ ಮಾತಾಡಿದೆ ಎಂದು ಅವಳಿಗೆ, ಎಲೆಯಲ್ಲಿ ಉಳಿದ ಅನ್ನವನ್ನು ನೋಡಿದಾಗ, ಅರಿವಾಯಿತು. ಗೆದ್ದಂತೆನಿಸಿದ್ದು ಒಂದೇ ಕ್ಷಣ. ಆಮೇಲೆ ಬಾಯಿ ಕಹಿಯಾಯಿತು.

ಕಿಟಕಿಯ ಬಳಿಗೆ ಬಂದಳು. ಇನ್ನೂ ಉಳಿಸಬಹುದು, ಕೊಳೆತ ಬೇರನ್ನು ಕತ್ತರಿಸಿ, ಉಳಿದದ್ದನ್ನು ಒಣಗಿಸಿ, ಹೊಸ ಇದ್ದಿಲಿನಲ್ಲಿ ಕೂರಿಸಿದರೆ ಚಿಗುರುತ್ತದೆಂದು ಮೊಬೈಲಿನಲ್ಲಿ ನೋಡಿದ್ದಳು. ನೆಲದ ಮೇಲೆ ಪೇಪರು ಹಾಸಿ ಕುಂಡವನ್ನು ಬಾಗಿಸಿದಳು. ಸಿಪ್ಪೆಯ ಚೂರುಗಳೊಂದಿಗೆ ಗಿಡ ಹೊರಗೆ ಜಾರಿ ಬಂತು, ಯಾವುದನ್ನೂ ಹಿಡಿದುಕೊಂಡಿರಲಿಲ್ಲ. ಬೇರುಗಳು ಬೆರಳ ಸಂದಿಯಲ್ಲಿ ಒತ್ತಿದರೆ ಕಂದು ನೀರಾಗಿ, ಒಳಗಿನ ಒಂದು ತೆಳು ನೂಲು ಮಾತ್ರ ಉಳಿಯುತ್ತಿತ್ತು. ಒಂದು, ಇನ್ನೊಂದು, ಎಲ್ಲವೂ. ಎಲೆಯನ್ನು ಹಿಡಿದು ಎತ್ತಿದಳು, ಎಲೆ ಬುಡದಿಂದ ಕಳಚಿ ಕೈಗೆ ಬಂತು. ನಡುವಿನ ಸುಳಿ ಕಪ್ಪಾಗಿತ್ತು. ಮೊಗ್ಗು ಎಲ್ಲಿ ಎಂದು ಹುಡುಕಿದಳು. ಅದು ಪೇಪರಿನ ಮೇಲೆ ಬಿದ್ದಿತ್ತು, ಅವಳಿಗೆ ತಿಳಿಯದೆಯೇ ಎಂದೋ ಕಳಚಿಕೊಂಡು. ಇನ್ನೂ ಮುಚ್ಚಿಯೇ ಇತ್ತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಇದರ ತೂಕ ಇಷ್ಟೇ, ಎಂದುಕೊಂಡಳು. ಇಷ್ಟನ್ನು ಎತ್ತಿಕೊಳ್ಳಲು ಯಾರನ್ನು ಕೇಳಬೇಕಿತ್ತು?

ಚೆಲ್ಲಿದ ಚೂರುಗಳನ್ನು ಒಟ್ಟುಮಾಡುವಾಗ ಅವುಗಳ ನಡುವೆ ಒಂದು ಹಸಿರು ಕಂಡಿತು. ಆರ್ಕಿಡ್‌ನದಲ್ಲ. ಬಿಳಿಯ ಎಳೆ ಕಾಂಡ, ತುದಿಯಲ್ಲಿ ಉಗುರಿಗಿಂತ ಚಿಕ್ಕ ಎರಡು ಎಲೆ. ಗಿಡದ ಸತ್ವವನ್ನೆಲ್ಲ ಹೀರಿದ ಕಳೆಯೇ ಇದು ಎನ್ನುವ ರೋಷದಲ್ಲಿ ಕಿತ್ತಳು. ಕಿತ್ತ ಮೇಲೆ ನೋಡಿದಳು. ಎಲೆಯ ತುದಿಗೆ, ಇನ್ನೂ ಕಳಚದ ಟೋಪಿಯಂತೆ, ಕಪ್ಪು ಬೀಜದ ಸಿಪ್ಪೆ ಅಂಟಿತ್ತು. ಹನಿಯ ಆಕಾರ, ಚಪ್ಪಟೆ. ಚೂರುಗಳನ್ನು ಕೆದಕಿದಳು, ನಾರಿಗೆ ಅಂಟಿಕೊಂಡು ಅಲ್ಲೊಂದು, ಇಲ್ಲೊಂದು, ಮೊಳೆತದ್ದು, ಮೊಳೆಯದೆ ಊದಿದ್ದು.

ಎಳ್ಳು.

ಕಪ್ಪೆಳ್ಳು ಅಡುಗೆಮನೆಯ ಡಬ್ಬಿಯಿಂದ ಇಲ್ಲಿಗೆ ನಡೆದುಬರುವುದಿಲ್ಲ. ಅಭಿಷೇಕದ ನೀರಿನಲ್ಲಿ ಎಳ್ಳಿರುವುದಿಲ್ಲ. ಎಳ್ಳು ಬೆರೆಯುವುದು ಒಂದೇ ನೀರಿಗೆ. ಜನಿವಾರವನ್ನು ಬಲಕ್ಕೆ ತಿರುಗಿಸಿ, ಹೆಬ್ಬೆರಳಿನ ಬದಿಯಿಂದ, ಹೋದವರ ಹೆಸರು ಹೇಳಿ ಬಿಡುವ ನೀರಿಗೆ. ಆ ನೀರನ್ನು ಮಾವ ತಮ್ಮ ಹಿರಿಯರಿಗೆ ತಾಮ್ರದ ತಟ್ಟೆಯಲ್ಲಿ ಬಿಡುತ್ತಿದ್ದರು. ಕುಂಡದಲ್ಲಿ ಅಲ್ಲ.

ಅವರ ಕೋಣೆಯ ಬಾಗಿಲು ಓರೆಯಾಗಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದರು, ಓದುತ್ತಿರಲಿಲ್ಲ, ಮಲಗಿರಲಿಲ್ಲ. ಅವಳು ಅಂಗೈಯನ್ನು ಅವರ ಮುಂದೆ ಚಾಚಿದಳು. ಮೊಗ್ಗಿನ ಪಕ್ಕದಲ್ಲಿ ಎಳ್ಳಿನ ಸಸಿ ಆಗಲೇ ಬಾಡುತ್ತಿತ್ತು. ಅವರು ಕನ್ನಡಕ ಹುಡುಕಿ, ಹಾಕಿಕೊಂಡು, ನೋಡಿ, ಕನ್ನಡಕ ತೆಗೆದರು.

"ಮೊಳೀತದೆ ಅಂತ ತಿಳೀಲಿಲ್ಲಮ್ಮ," ಎಂದರು.

"ಯಾರಿಗೆ ಮಾವ?"

ಅವರು ಪಂಚೆಯ ಅಂಚನ್ನು ಮಡಚಿದರು, ಬಿಚ್ಚಿದರು. "ಎರಡು ಸಲ ಕೇಳಿದೆ ಪುರೋಹಿತರನ್ನ. ಏನೂ ಇಲ್ಲ, ವಿಡುಂಗೋ ರಾಯರೇ, ಬಿಟ್ಟುಬಿಡಿ ಅಂದರು. ಶಾಸ್ತ್ರ ಸರಿಯೇ ಇರ್ತದೆ. ಆದರೆ ನಾನು ತಾನೇ ಮಣ್ಣಲ್ಲಿ ಇಳಿಸಿದ್ದು? ಅಕ್ಷೋಭ್ಯನ ಕೈ ಓಡಲಿಲ್ಲ. ನಾನೇ ಇಳಿಸಿದೆ." ಪಂಚೆಯ ಅಂಚನ್ನು ಕೈಬಿಟ್ಟರು. "ದಿನಾ ಅಪ್ಪಂಗೆ ಬಿಡ್ತೀನಿ, ತಾತಂಗೆ ಬಿಡ್ತೀನಿ. ಮುಖಾನೇ ನೋಡದೆ ಇರೋ ಮುತ್ತಾತಂಗೆ ಬಿಡ್ತೀನಿ. ಕೂಸಿಗೆ ಬಿಡದೆ ಕೈ ಮಡಚಿ ಏಳೋಕೆ ಮನಸ್ಸಾಗಲ್ಲ. ಹಿರಿಯರ ತಟ್ಟೇಲಿ ಬಿಡೋ ಹಾಗಿಲ್ಲ. ಎಳ್ಳುನೀರು ತುಳಸಿಗೆ ಆಗಲ್ಲ. ನೀನು ದಿನಾ ಆ ಗಿಡದ ಎದುರಿಗೆ ಕೂತಿರ್ತೀಯಲ್ಲ, ನೋಡ್ತಿದ್ದೆ. ಕೂಸು ಎಲ್ಲಾದರೂ ಇದ್ದರೆ ಅಲ್ಲೇ ಇರಬೇಕು ಅಂತ… ತಪ್ಪಾಯ್ತು. ನಿನ್ನ ಗಿಡ ಹೋಯ್ತು."

ಅವಳು ಹೊಸ್ತಿಲ ಮೇಲೆ ಕೂತಳು. ಏನೋ ಕೇಳಬೇಕಿತ್ತು, ಕೇಳಿದ್ದು ಮಾತ್ರ ಬೇರೆ. "ಹೆಸರು ಹೇಳಬೇಕಲ್ಲವಾ ಮಾವ, ಬಿಡುವಾಗ?"

"ಹೇಳಬೇಕು."

"ಏನಂತ ಹೇಳ್ತಿದ್ರಿ?"

ಮುದುಕರ ಮುಖದಲ್ಲಿ, ಕದ್ದು ಸಿಕ್ಕಿಬಿದ್ದವರ ನಾಚಿಕೆ ಮೂಡಿತು. ಗೋಡೆಯ ಆಚೆಗೆ, ಪಟವಿರುವ ಕಡೆಗೆ ನೋಡಿದರು. "ಮೊದಲನೇ ಹೆಣ್ಣು ಕೂಸಿಗೆ ಅಜ್ಜಿ ಹೆಸರು ಇಡೋದು ನಮ್ಮಲ್ಲಿ. ಅದಕ್ಕೆ… ಭಾಮಾ ಅಂತ. ನಿಮ್ಮನ್ನ ಕೇಳಬೇಕಿತ್ತು. ನೀವು ಬೇರೆ ಏನಾದರೂ ಅಂದ್ಕೊಂಡಿದ್ರಾ? ಅದು ಅವಳ ಹೆಸರೇ ಅಲ್ಲ ಅಂದ್ರೆ ಅವಳಿಗೆ ಹೇಗೆ ತಲುಪ್ತದೆ? ಅದೊಂದೇ ಯೋಚನೆ ನನಗೆ. ಇಷ್ಟು ದಿನ ಬಿಟ್ಟದ್ದು ಯಾರಿಗೂ ಹೋಗಿಲ್ಲವೇನೋ ಅಂತ."

ಅಂದುಕೊಂಡಿದ್ದಳು. ಹುಟ್ಟುವ ಮೊದಲು ಹೆಸರಾಡಬಾರದೆಂದು ಅಕ್ಷೋಭ್ಯನಿಗೂ ಹೇಳದೆ, ಬಸ್ಸಿನಲ್ಲಿ, ಆಫೀಸಿನಲ್ಲಿ, ಹೊಟ್ಟೆಯ ಮೇಲೆ ಕೈಯಿಟ್ಟು ತುಟಿ ಅಲುಗಿಸದೆ ಎಷ್ಟು ಸಲ ಕರೆದಿದ್ದಳು. ಗಾಜಿನ ಈಚೆ ನಿಂತು ಕರೆದಿದ್ದಳು; ಪೆಟ್ಟಿಗೆಯೊಳಗೆ ಒಂದು ಕಾಲು ಅಲುಗಿತ್ತು. ಆ ಹೆಸರು ಈಗ ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ನಾಳೆಯಿಂದ ಒಂದು ಬಾಯಿಯಾದರೂ ಅದನ್ನು ಉಚ್ಚರಿಸುತ್ತದೆ. ಹೇಳಿದರೆ, ಉಪವಾಸ ಕೂತ ಈ ಮನುಷ್ಯ ಇಷ್ಟು ಬೆಳಗುಗಳು ಬಿಟ್ಟ ನೀರೆಲ್ಲ ಯಾರಿಗೂ ಸೇರದೆ ಪ್ಲಾಸ್ಟಿಕ್ಕಿನ ತಳದಲ್ಲಿ ಕೊಳೆತದ್ದಾಗುತ್ತದೆ.

"ಇಲ್ಲ ಮಾವ," ಎಂದಳು. "ಅದೇ ಹೆಸರು. ನಾವೂ ಅದನ್ನೇ ಅಂದ್ಕೊಂಡಿದ್ವಿ."

ಅವರು ಕಣ್ಣು ಮುಚ್ಚಿದರು. "ತಲುಪಿರ್ತದೆ ಹಾಗಾದ್ರೆ," ಎಂದರು.

ಆ ರಾತ್ರಿ ಅವಳು ಮಾತ್ರೆ ನುಂಗಲಿಲ್ಲ. ಬೆಳಕು ಹರಿಯುವಾಗ ಎದ್ದು, ಸ್ನಾನ ಮಾಡಿ, ಕಿಟಕಿಯ ಬಳಿ ಬಂದಳು. ಮಾವ ಆಹ್ನಿಕಕ್ಕೆ ಕೂತಿದ್ದರು. ಕಟ್ಟೆಯ ಮೇಲೆ ಕುಂಡ ಇರಲಿಲ್ಲ. ಹಿರಿಯರ ಸರದಿ ಮುಗಿದು ಅವರ ಕೈ ಎಳ್ಳಿನ ಬಟ್ಟಲ ಬಳಿ ಅನುಮಾನಿಸಿ ನಿಂತಾಗ, ಅವಳು ಸಿಪ್ಪೆಯ ಚೂರುಗಳನ್ನು ಮರಳಿ ತುಂಬಿದ ಕುಂಡವನ್ನು ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದಳು. ಅದರೊಳಗೆ ಗಿಡವಿರಲಿಲ್ಲ. ಅವರು ತಲೆಯೆತ್ತಿ ನೋಡಲಿಲ್ಲ. ಜನಿವಾರ ಬಲ ಹೆಗಲಿನ ಮೇಲೇ ಇತ್ತು. ಗೋತ್ರ ಹೇಳಿದರು, ತಡವರಿಸದೆ, ಗಟ್ಟಿಯಾಗಿ, ಭಾಮಾ ಎಂದರು. ನೀರು ಬಿದ್ದಿತು. ಅದೇ ನೀರಿನ ಮೇಲೆ, ತುಟಿ ಅಲುಗದಂತೆ, ಅವಳು ಇನ್ನೊಂದು ಹೆಸರನ್ನು ಹೇಳಿದಳು. ಹಿಡಿದುಕೊಳ್ಳಲು ಬೇರಿಲ್ಲದ ಕುಂಡದಲ್ಲಿ ನೀರು ನಿಲ್ಲಲಿಲ್ಲ. ತಳದ ತೂತುಗಳಿಂದ ಇಳಿದು, ಅವಳ ಅಂಗೈ ತುಂಬಿ, ಮುಂಗೈಯಿಂದ ಮೊಣಕೈಗೆ ಹರಿದು, ಕುಪ್ಪಸದ ಮುಂಭಾಗವನ್ನು ಒದ್ದೆ ಮಾಡಿತು. ಅವಳು ಒರೆಸಿಕೊಳ್ಳಲಿಲ್ಲ.